ಮೂರನೇ ಸೆಮಿಸ್ಟರಿನ ಉಕ್ಕಿನ ಪಾಠ

‘ಮೆಟೀರಿಯಲ್ ಸೈನ್ಸಾ? ಥಿಯರಿ ಸಬ್ಜೆಕ್ಟು ಕಣೋ. ಹಿಂದಿನ ದಿನ ಓದಿದ್ರೂ ಪಾಸು.’ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಕಾಲಿಟ್ಟವರಿಗೆ ಹಾಸ್ಟೆಲಿನ ಸೀನಿಯರ್‌ಗಳು ಕೊಡುವ ಉಪದೇಶ ಇದು. ಥರ್ಮೊಡೈನಾಮಿಕ್ಸ್‌ನಲ್ಲಿ ಲೆಕ್ಕ ಬಿಡಿಸಬೇಕು, ಇಲ್ಲಿ ಪುಟ ತುಂಬಿಸಿದರೆ ಸಾಕು ಎಂಬ ಲೆಕ್ಕಾಚಾರ. ಕಬ್ಬಿಣ-ಕಾರ್ಬನ್ ನಕ್ಷೆಯನ್ನು ಉರು ಹೊಡೆದು ಗೀಚಿದವರಿಗೆ ಒಳ್ಳೆಯ ಅಂಕವೂ ಬರುತ್ತದೆ. ಈ ವಿಷಯವನ್ನು ಬಹಳ ವರ್ಷ ಕಲಿಸಿದ ನನಗೆ ಸಂಕಟವಾಗುವುದು ಅದಕ್ಕೇ. ತರಗತಿಯಲ್ಲಿ ತೂಕಡಿಸುವ ಹುಡುಗರೇ ಇದರ ಲ್ಯಾಬಿನಲ್ಲಿ ಊಟದ ಹೊತ್ತು ಮೀರಿದ್ದೂ ತಿಳಿಯದೆ ನಿಂತದ್ದನ್ನು ಕಂಡಿದ್ದೇನೆ. ವಿಷಯ ಒಂದೇ, ಅದರೊಳಗೆ ಹೋಗುವ ಬಾಗಿಲು ಬೇರೆ.

ಮೊದಲ ವಾರಗಳು ಸ್ಫಟಿಕ ರಚನೆಗೆ ಮೀಸಲು. ಘನಾಕೃತಿಯ ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಪರಮಾಣು ಇದ್ದರೆ ಬಿಸಿಸಿ. ಮೂಲೆಗಳ ಜೊತೆಗೆ ಆರು ಮುಖಗಳ ನಡುವೆಯೂ ಇದ್ದರೆ ಎಫ್‌ಸಿಸಿ. ಮೊದಲನೆಯದರಲ್ಲಿ ಜಾಗದ ಶೇ 68 ಭಾಗ ತುಂಬಿರುತ್ತದೆ, ಎರಡನೆಯದರಲ್ಲಿ ಶೇ 74 ಭಾಗ. ಲೆಕ್ಕ ಇರುವುದರಿಂದ ವಿದ್ಯಾರ್ಥಿಗಳಿಗೆ ಇದು ಇಷ್ಟ. ಟೇಬಲ್ ಟೆನಿಸ್ ಚೆಂಡುಗಳನ್ನು ಫೆವಿಕ್ವಿಕ್ ಹಾಕಿ ಅಂಟಿಸಿ ಮಾಡೆಲ್ ತರುತ್ತಾರೆ. ಆದರೆ ಆ ಮಾಡೆಲ್ ಕೈಯಲ್ಲಿ ಹಿಡಿದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇಡೀ ತರಗತಿಯನ್ನು ಎಚ್ಚರಿಸಿತ್ತು: ‘912 ಡಿಗ್ರಿ ದಾಟಿದ ಮೇಲೆ ಕಬ್ಬಿಣ ಎಫ್‌ಸಿಸಿ ಆಗುತ್ತೆ, ಇನ್ನೂ ಒತ್ತೊತ್ತಾಗುತ್ತೆ ಅಂದ್ರಿ. ಹಾಗಿದ್ದರೆ ಅದರೊಳಗೆ ಕಾರ್ಬನ್ ಜಾಸ್ತಿ ಹಿಡಿಸೋದು ಹೇಗೆ ಮೇಡಂ?’ ಉತ್ತರ ಆ ಚೆಂಡುಗಳ ನಡುವೆಯೇ ಇತ್ತು. ಬಿಸಿಸಿಯಲ್ಲಿ ಖಾಲಿ ಜಾಗ ಒಟ್ಟಾರೆ ಹೆಚ್ಚು, ಆದರೆ ಚಿಕ್ಕ ಚಿಕ್ಕ ಸಂದುಗಳಾಗಿ ಹಂಚಿಹೋಗಿದೆ. ಎಫ್‌ಸಿಸಿಯಲ್ಲಿ ಖಾಲಿ ಜಾಗ ಕಡಿಮೆ, ಆದರೆ ಒಂದೊಂದು ಸಂದೂ ದೊಡ್ಡದು. ಹಾಗಾಗಿ ಬಿಸಿ ಕಬ್ಬಿಣ ಶೇ 2ರಷ್ಟು ಕಾರ್ಬನ್ ಹಿಡಿದಿಟ್ಟುಕೊಂಡರೆ, ತಣ್ಣಗಾದ ಕಬ್ಬಿಣಕ್ಕೆ ಶೇ 0.02 ಕೂಡ ಭಾರ. ಮಿಕ್ಕ ಕಾರ್ಬನ್ ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಉಕ್ಕಿನ ಪಾಠ ಮುಕ್ಕಾಲು ಮುಗಿದಂತೆ.

ಆ ಕಾರ್ಬನ್ ಎಲ್ಲಿದೆ ಎಂದು ಕಣ್ಣಾರೆ ನೋಡುವುದು ಮೆಟಲೋಗ್ರಫಿ ಲ್ಯಾಬಿನಲ್ಲಿ. ಹೆಬ್ಬೆರಳ ಗಾತ್ರದ ಉಕ್ಕಿನ ತುಂಡು ಕೈಗೆ ಬರುತ್ತದೆ. ಅದರ ಮುಖವನ್ನು ಅರದಿಂದ ಸಮ ಮಾಡಿ, ಎಮರಿ ಹಾಳೆಗಳ ಮೇಲೆ ಒರಟಿನಿಂದ ನಯದ ಕಡೆಗೆ ಒಂದೊಂದಾಗಿ ಉಜ್ಜುತ್ತಾ ಹೋಗಬೇಕು. ಹಾಳೆ ಬದಲಾದಾಗಲೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು. ಹಿಂದಿನ ಹಾಳೆಯ ಗೀರು ಪೂರ್ತಿ ಮಾಯವಾಗುವ ತನಕ ಮುಂದಿನದಕ್ಕೆ ಹೋಗುವಂತಿಲ್ಲ. ಆಮೇಲೆ ಮಖಮಲ್ ಬಟ್ಟೆ ಹೊದಿಸಿದ ಡಿಸ್ಕ್ ಮೇಲೆ ಅಲ್ಯುಮಿನಾ ಪುಡಿ ಬೆರೆಸಿದ ನೀರು ಬಿಟ್ಟು ಹೊಳಪು ಕೊಡಬೇಕು. ಮುಖ ಕಾಣುವಷ್ಟು ಹೊಳೆದಾಗ ಹುಡುಗರು ಕೆಲಸ ಮುಗಿಯಿತು ಅಂದುಕೊಂಡು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಅಲ್ಲಿ ಬರೀ ಬಿಳಿ ಬಯಲು. ಆಗ ನೈಟಾಲ್ ಬಾಟಲಿ ಹೊರಬರುತ್ತದೆ: ಆಲ್ಕೋಹಾಲಿನಲ್ಲಿ ಶೇ 2ರಷ್ಟು ನೈಟ್ರಿಕ್ ಆಮ್ಲ. ಕೆಲವೇ ಸೆಕೆಂಡು ಸವರಿ, ಹೊಳಪು ಮಂಕಾಗುತ್ತಿದ್ದಂತೆ ನೀರಿಗೊಡ್ಡಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ ಮತ್ತೆ ನೋಡಿದರೆ ಹರಳುಗಳ ಗಡಿಗಳು ಗೆರೆ ಎಳೆದಂತೆ ಎದ್ದಿರುತ್ತವೆ. ಬೆಳ್ಳಗಿರುವುದು ಫೆರೈಟ್, ಕಪ್ಪಗಿರುವುದು ಪರ್ಲೈಟ್. ಲೆನ್ಸ್ ಬದಲಿಸಿದರೆ ಆ ಕಪ್ಪಿನೊಳಗೆ ಪಟ್ಟೆ ಪಟ್ಟೆಯಾಗಿ ಫೆರೈಟ್ ಮತ್ತು ಸಿಮೆಂಟೈಟ್. ಹಿಡಿಸಲಾರದೆ ಹೊರಬಿದ್ದ ಕಾರ್ಬನ್ ಸೇರಿಕೊಂಡಿರುವುದು ಆ ಸಿಮೆಂಟೈಟ್ ಪಟ್ಟೆಗಳಲ್ಲಿ.

ಮೊದಲ ಸಲ ನೋಡುವವರು ಗೀರುಗಳನ್ನೇ ಹರಳಿನ ಗಡಿ ಅಂದುಕೊಂಡು ರೆಕಾರ್ಡಿನಲ್ಲಿ ಚಿತ್ರ ಬರೆದುಬಿಡುವುದುಂಟು. ಗೀರು ನೆಟ್ಟಗೆ ಆಚೆಯಿಂದೀಚೆಗೆ ಓಡುತ್ತದೆ, ಗಡಿ ಸುತ್ತುವರಿದು ಕೂಡಿಕೊಳ್ಳುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ; ಕೆಟ್ಟ ತುಂಡನ್ನು ಮತ್ತೆ ಎಮರಿ ಹಾಳೆಗೆ ಹಚ್ಚಿದಾಗ ಹತ್ತುತ್ತದೆ.

ಇಲ್ಲಿ ಡಿಪ್ಲೊಮಾ ಮುಗಿಸಿ ಬಂದವರ ಬಗ್ಗೆ ಹೇಳಲೇಬೇಕು. ಅವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರುವವರು, ಅಂದರೆ ಕಾಲೇಜಿನಲ್ಲಿ ಅವರಿಗೆ ಮೊದಲು ಎದುರಾಗುವ ವಿಷಯಗಳಲ್ಲಿ ಇದೂ ಒಂದು. ಗಣಿತದ ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದು, ಪಿಯುಸಿಯಿಂದ ಬಂದವರ ಇಂಗ್ಲಿಷಿಗೆ ಅಂಜುತ್ತಾ ಕೂತಿರುವ ಈ ಹುಡುಗರು ಲ್ಯಾಬಿಗೆ ಬಂದರೆ ಬೇರೆಯೇ ಮನುಷ್ಯರು. ಅರ ಹಿಡಿಯುವ ಬಗೆ, ರಾಕ್‌ವೆಲ್ ಯಂತ್ರಕ್ಕೆ ತುಂಡು ಕೂರಿಸುವ ಬಗೆ ಎಲ್ಲ ಅವರ ಕೈಗೆ ಪಳಗಿರುತ್ತದೆ. ‘ಅಣ್ಣಾ, ನನ್ ಪೀಸ್ ಯಾಕೆ ಹೊಳೀತಿಲ್ಲ?’ ಎಂದು ರ‍್ಯಾಂಕ್ ವಿದ್ಯಾರ್ಥಿಗಳು ಅವರ ಬಳಿ ಬಂದು ನಿಲ್ಲುತ್ತಾರೆ. ಒಂದು ಬ್ಯಾಚಿನೊಳಗಿನ ಅಂತರ ಅಳಿಸಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಯುಟಿಎಂ ಯಂತ್ರದಲ್ಲಿ ಮೈಲ್ಡ್ ಸ್ಟೀಲ್ ಸರಳನ್ನು ಎಳೆದು ತುಂಡರಿಸುವ ದಿನ ಗೈರುಹಾಜರಿ ಇರುವುದಿಲ್ಲ. ಭಾರ ಏರುತ್ತಾ ಹೋದ ಮುಳ್ಳು ಒಂದು ಕಡೆ ಥಟ್ಟನೆ ತಡೆದು, ಸ್ವಲ್ಪ ಹಿಂದೆ ಸರಿಯುತ್ತದೆ. ಆಮೇಲೆ ಮತ್ತೆ ಏರಿಕೆ, ನಡುವೆ ಸರಳು ಸಣ್ಣಗಾಗುವುದು, ಕೊನೆಗೆ ಗುಂಡು ಹೊಡೆದಂಥ ಸದ್ದು. ಮುರಿದ ತುದಿ ಮುಟ್ಟಿದರೆ ಬೆಚ್ಚಗಿರುತ್ತದೆ. ಮುಳ್ಳು ಹಿಂದೆ ಸರಿದದ್ದೇಕೆ ಎಂದು ಅಲ್ಲೇ ಕೇಳಿದರೆ ಡಿಸ್‌ಲೊಕೇಶನ್ ಪಾಠಕ್ಕೆ ಪೀಠಿಕೆಯೇ ಬೇಡ. ಲೋಹದ ಪದರವೊಂದು ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಎಷ್ಟು ಬಲ ಬೇಕೆಂದು ವಿಜ್ಞಾನಿ ಫ್ರೆಂಕೆಲ್ 1926ರಲ್ಲಿ ಲೆಕ್ಕ ಹಾಕಿದ. ನಿಜವಾದ ಹರಳುಗಳು ಅದರ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು ಕಡಿಮೆ ಬಲಕ್ಕೇ ಬಗ್ಗುತ್ತಿದ್ದವು. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಹರಳಿನ ಜೋಡಣೆಯಲ್ಲಿ ಡಿಸ್‌ಲೊಕೇಶನ್ ಎಂಬ ತಪ್ಪಿದ ಸಾಲುಗಳಿವೆ, ಜಾರುವುದು ಆ ಸಾಲು ಮಾತ್ರ. ದೊಡ್ಡ ಜಮಖಾನವನ್ನು ಒಂದೇ ಸಲ ಎಳೆಯಲಾಗದು, ಒಂದು ಸುಕ್ಕು ಮಾಡಿ ತಳ್ಳುತ್ತಾ ಹೋದರೆ ಸರಿಯುತ್ತದೆ. ಉಕ್ಕಿನಲ್ಲಿ ಕಾರ್ಬನ್ ಪರಮಾಣುಗಳು ಆ ಸಾಲುಗಳನ್ನು ಹಿಡಿದಿಟ್ಟಿರುತ್ತವೆ. ಹಿಡಿತ ತಪ್ಪಿದ ಕ್ಷಣದಲ್ಲಿ ಮುಳ್ಳು ಹಿಂದೆ ಸರಿಯುತ್ತದೆ. ಲೋಹ ಬಗ್ಗುವುದು ಅದರ ದೋಷದಿಂದ ಎಂಬುದು ಹತ್ತೊಂಬತ್ತರ ವಯಸ್ಸಿಗೆ ಸಣ್ಣ ಸುದ್ದಿಯಲ್ಲ.

ಇನ್ನು ಹುಡುಗರಿಗೆ ಭಯ ಹುಟ್ಟಿಸುವ ಆ ಕಬ್ಬಿಣ-ಕಾರ್ಬನ್ ನಕ್ಷೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಕಾರ್ಬನ್ ಸೇರುತ್ತಾ ಹೋದಂತೆ ಕರಗುವ ಗೆರೆ ಇಳಿಯುತ್ತಾ, ಶೇ 4.3ರ ಹತ್ತಿರ 1147ರ ಸುಮಾರಿಗೆ ಬಂದು ತಳ ಮುಟ್ಟುತ್ತದೆ. ಪುಸ್ತಕದಲ್ಲಿ ಅದು ಯುಟೆಕ್ಟಿಕ್ ಬಿಂದು, ಎರಡು ಅಂಕದ ಪ್ರಶ್ನೆ. ಭದ್ರಾವತಿ ಕಡೆಯ ಮಕ್ಕಳಿಗೆ ಅದನ್ನು ಬೇರೆ ಥರ ಹೇಳಬಹುದು. 1923ರಲ್ಲಿ ಶುರುವಾದ ಅಲ್ಲಿನ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಮಲೆನಾಡಿನ ಇದ್ದಿಲಿನೊಂದಿಗೆ ಕುಲುಮೆಗೆ ಇಳಿಯುತ್ತಿತ್ತು. ಆ ಇದ್ದಿಲಿನ ಕಾರ್ಬನ್ನನ್ನೇ ಹೀರಿಕೊಂಡದ್ದರಿಂದ ಬೀಡು ಕಬ್ಬಿಣ ನೀರಿನಂತೆ ಹರಿದು ಅಚ್ಚಿಗೆ ಬಿತ್ತು. ಅದಕ್ಕೂ ಎಷ್ಟೋ ಹಿಂದೆ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಮಣ್ಣಿನ ಮುಚ್ಚಿದ ಮೂಸೆಗಳಲ್ಲಿ ಉಕ್ಕು ಕರಗಿಸುತ್ತಿದ್ದರು. ದಕ್ಷಿಣ ಭಾರತದ ಇಂಥ ಮೂಸೆ ಉಕ್ಕು ಪಶ್ಚಿಮ ಏಷ್ಯಾದ ಕತ್ತಿಗಳಿಗೆ ಹೋಗುತ್ತಿತ್ತು. ಅದರಲ್ಲಿದ್ದ ಕಾರ್ಬನ್ ಶೇ 1.5ರ ಆಸುಪಾಸು. ನಕ್ಷೆಯಲ್ಲಿ ಅಲ್ಲಿ ಪೆನ್ಸಿಲ್ ಇಟ್ಟು ಮೇಲಿನಿಂದ ಕೆಳಕ್ಕೆ ಬರಲು ಹೇಳಿ ನೋಡಿ. ಉರು ಹೊಡೆದಿದ್ದ ಗೆರೆಗಳಿಗೆ ಊರು, ಒಲೆ, ಕೆಲಸಗಾರರು ಸೇರಿಕೊಳ್ಳುತ್ತಾರೆ.

ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಬೆಳೆದ ವಿದ್ಯಾರ್ಥಿಯೊಬ್ಬ ಹೀಟ್ ಟ್ರೀಟ್‌ಮೆಂಟ್ ಪಾಠದಲ್ಲಿ ಕೈ ಎತ್ತಿದ್ದ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಬಿಟ್ಟರೆ ಅದು ಕಲ್ಲಿಗೆ ತಗಲಿ ಒಡೆಯುತ್ತದೆ. ಅದಕ್ಕೇ ಅಪ್ಪ ಅಲಗನ್ನು ಉಜ್ಜಿ ಮತ್ತೆ ಮೆಲ್ಲಗೆ ಬಿಸಿ ತೋರಿಸಿ, ಒಣಹುಲ್ಲಿನ ಹಳದಿ ಬಂದೊಡನೆ ತೆಗೆಯುತ್ತಾರೆ ಎಂದ. ಬೋರ್ಡಿನ ಮೇಲೆ ಬರೆದದ್ದೂ ಅದೇ. ಥಟ್ಟನೆ ತಣಿದ ಉಕ್ಕಿನ ರಚನೆಯೇ ಮಾರ್ಟೆನ್ಸೈಟ್; ಹೊರಬರಲಾಗದೆ ಅದರಲ್ಲಿ ಸಿಕ್ಕಿಕೊಂಡ ಕಾರ್ಬನ್ ಅದನ್ನು ಗಡುಸಾಗಿಸುತ್ತದೆ, ಪೆಡಸಾಗಿಯೂ ಮಾಡುತ್ತದೆ. 220 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕಾಯಿಸಿದಾಗ ಆ ಪೆಡಸು ತಗ್ಗುತ್ತದೆ. ಅಪ್ಪನ ಕೆಲಸವನ್ನು ತರಗತಿಯಲ್ಲಿ ಹೇಳಿಕೊಳ್ಳಲು ಹಿಂಜರಿಯುತ್ತಿದ್ದವನು ಆ ಸೆಮಿಸ್ಟರ್ ಪೂರ್ತಿ ಮುಂದಿನ ಬೆಂಚಿನಲ್ಲಿ ಕೂತ.

ಇಷ್ಟೆಲ್ಲ ಇದ್ದೂ ಬಹಳಷ್ಟು ಕಡೆ ಲ್ಯಾಬ್ ನಡೆಯುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಡೀ ಬ್ಯಾಚಿಗೆ ಒಂದು ಸೂಕ್ಷ್ಮದರ್ಶಕ. ಮೊದಲೇ ತಯಾರಾದ ತುಂಡುಗಳನ್ನು ಸಾಲಾಗಿ ಬಂದು ಇಣುಕಿ ಹೋಗುವುದು. ಚಾರ್ಪಿ ಪರೀಕ್ಷೆಯ ರೀಡಿಂಗ್ ಸೀನಿಯರ್‌ಗಳ ರೆಕಾರ್ಡಿನಿಂದ ಇಳಿಸಿಕೊಳ್ಳುವುದು. ಎಮರಿ ಹಾಳೆ, ಮಖಮಲ್ ಬಟ್ಟೆ, ಒಂದು ಬಾಟಲಿ ನೈಟಾಲ್, ಇವಕ್ಕೆ ಕೋಟಿಗಟ್ಟಲೆ ಬೇಡ. ಬೆಳಗಾವಿ, ಶಿವಮೊಗ್ಗಗಳ ಸುತ್ತ ಫೌಂಡ್ರಿಗಳಿವೆ, ತುಂಡುಗಳಿಗೆ ಬರವಿಲ್ಲ. ಬೇಕಿರುವುದು ಸಮಯ, ಜೊತೆಗೆ ಶನಿವಾರ ಮಧ್ಯಾಹ್ನವೂ ಬಾಗಿಲು ತೆರೆದು ನಿಲ್ಲುವ ಒಬ್ಬ ಇನ್‌ಸ್ಟ್ರಕ್ಟರ್.

ಹಾಗೆ ತೆರೆದಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಬೇಗ ಸವೆದ ಟಿಲ್ಲರ್ ಬ್ಲೇಡೊಂದನ್ನು, ಅದೇ ಹೊಲದಲ್ಲಿ ಚೆನ್ನಾಗಿ ಬಾಳಿದ ಇನ್ನೊಂದನ್ನು ವಿದ್ಯಾರ್ಥಿನಿಯೊಬ್ಬಳು ಊರಿಂದ ತಂದಳು. ಯಾರೂ ಹೇಳದೆ ಎರಡರಿಂದಲೂ ತುಂಡು ಕತ್ತರಿಸಿ, ಉಜ್ಜಿ, ನೈಟಾಲ್ ಹಚ್ಚಿದಳು. ಬಾಳಿದ್ದರಲ್ಲಿ ಹದಗೊಂಡ ಮಾರ್ಟೆನ್ಸೈಟ್, ಸವೆದದ್ದರಲ್ಲಿ ಫೆರೈಟ್ ಮತ್ತು ಪರ್ಲೈಟ್. ಅದಕ್ಕೆ ಹೀಟ್ ಟ್ರೀಟ್‌ಮೆಂಟ್ ಆಗಿರಲೇ ಇಲ್ಲ. ಮುಂದಿನ ಸಲ ಬ್ಲೇಡ್ ಕೊಳ್ಳುವಾಗ ಅಂಗಡಿಯವನಿಗೆ ಏನು ಕೇಳಬೇಕೆಂದು ಅವಳು ಅಪ್ಪನಿಗೆ ಲ್ಯಾಬಿನಿಂದಲೇ ಫೋನ್ ಮಾಡಿ ಹೇಳಿದಳು.