ಸಂಕ್ಷೇಪಾಕ್ಷರಗಳ ಬಹುವಚನ: ಚಿಹ್ನೆಯ ಅಗತ್ಯ ಮತ್ತು ಲಿಪಿಯ ಸ್ವಭಾವ

ಆಡಳಿತ, ಪತ್ರಿಕೋದ್ಯಮ ಹಾಗೂ ಸಂಶೋಧನ ಬರೆವಣಿಗೆಗಳಲ್ಲಿ ಸಂಕ್ಷೇಪಾಕ್ಷರಗಳ ಬಳಕೆ ವ್ಯಾಪಕವಾಗಿದೆ. ಆದರೆ ಅವುಗಳಿಗೆ ಬಹುವಚನ ಪ್ರತ್ಯಯ ಸೇರುವಾಗ ಏಕರೂಪತೆ ಕಾಣುವುದಿಲ್ಲ. ಎನ್.ಜಿ.ಒ.ಗಳು, ಎನ್‌ಜಿಒಗಳು, ಎನ್‌ಜಿಒ-ಗಳು, ಎನ್‌ಜಿಒ'ಗಳು ಎಂದು ಒಂದೇ ಪದವನ್ನು ಹಲವು ಬಗೆಯಲ್ಲಿ ಬರೆಯಲು ಸಾಧ್ಯ. ಇವುಗಳಲ್ಲಿ ಕೊನೆಯದು ಇಂಗ್ಲಿಷಿನ ಅಪಾಸ್ಟ್ರಫಿಯ ಅನುಕರಣೆ. ಇದು ಕನ್ನಡಕ್ಕೆ ಅಗತ್ಯವೇ ಎಂಬುದು ವಿವೇಚನಾರ್ಹ.

ಇಂಗ್ಲಿಷಿನಲ್ಲಿ ಬಹುವಚನ ಪ್ರತ್ಯಯ ‘ಎಸ್’ ಎಂಬ ಒಂದೇ ಅಕ್ಷರ. ಅದು ಸಂಕ್ಷೇಪದ ಭಾಗವೆಂಬ ಭ್ರಮೆ ಹುಟ್ಟದಿರಲೆಂದು, ಚುಕ್ಕಿಯಿಟ್ಟು ಬರೆದ ‘ಎಂ.ಪಿ.’ಯಂತಹ ರೂಪಗಳ ಮುಂದೆ ಅಪಾಸ್ಟ್ರಫಿ ಇಡುವ ರೂಢಿ ಹಿಂದೆ ಪ್ರಚಲಿತವಾಗಿತ್ತು. ಚುಕ್ಕಿಗಳು ಮರೆಯಾದಂತೆ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ಭೇದವೇ ಗಡಿಯನ್ನು ತೋರತೊಡಗಿತು. ಷಷ್ಠೀ ವಿಭಕ್ತಿಗೂ ಅದೇ ಚಿಹ್ನೆ ಬಳಕೆಯಾಗುವುದರಿಂದ ಗೊಂದಲವೂ ಉಂಟಾಗುತ್ತಿತ್ತು. ಹೀಗಾಗಿ ಇಂದಿನ ಬಹುಪಾಲು ಶೈಲಿ ಕೈಪಿಡಿಗಳು ಇಂತಹ ಬಹುವಚನಗಳಲ್ಲಿ ಅದನ್ನು ಕೈಬಿಟ್ಟಿವೆ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಆದರೂ ‘ಗಳು’ ಎರಡು ಅಕ್ಷರಗಳ ಸ್ಪಷ್ಟ ಪ್ರತ್ಯಯ. ಅದನ್ನು ಸಂಕ್ಷೇಪದ ಭಾಗವೆಂದು ಯಾರೂ ಓದರು. ಷಷ್ಠಿಯಲ್ಲಿ ‘ಗಳ’ ಎಂದಾಗುವುದರಿಂದ ಆ ಗೊಂದಲವೂ ಇಲ್ಲ. ಗ್ರಾ.ಪಂ.ಗಳು, ಸಿಡಿಗಳು, ಎಂಎಲ್‌ಎಗಳು ಎಂಬಲ್ಲಿ ಬೇರೆ ಚಿಹ್ನೆ ಅನವಶ್ಯಕ.

ನಿಜವಾದ ತೊಡಕಿರುವುದು ವ್ಯಂಜನಾಂತ ರೂಪಗಳಲ್ಲಿ. ಕನ್ನಡವು ‘ಬಸ್’ ಎಂಬುದಕ್ಕೆ ಉಕಾರ ಸೇರಿಸಿ ‘ಬಸ್ಸುಗಳು’ ಎಂದು ಒಗ್ಗಿಸಿಕೊಂಡಿದೆ. ಬರೆವಣಿಗೆಯ ಸಂಕ್ಷೇಪಗಳಿಗೆ ಸಾಮಾನ್ಯವಾಗಿ ಈ ಸ್ವರ ಸೇರುವುದಿಲ್ಲ. ಆದ್ದರಿಂದ ‘ಎಸ್‌ಎಂಎಸ್’ ಮುಂದೆ ‘ಗಳು’ ಬಂದಾಗ ಲಿಪಿಯ ಸಹಜ ನಿಯಮದಂತೆ ಒತ್ತಕ್ಷರ ಮೂಡಿ ‘ಎಸ್‌ಎಂಎಸ್ಗಳು’ ಎಂದಾಗುತ್ತದೆ. ಸಂಕ್ಷೇಪದ ಕೊನೆಯ ಅಕ್ಷರವೂ ಪ್ರತ್ಯಯದ ಮೊದಲ ಅಕ್ಷರವೂ ಬೆಸೆದುಕೊಂಡು ಗಡಿ ಅಳಿಸಿಹೋಗುತ್ತದೆ. ಇದನ್ನು ತಡೆಯಲು ಯುನಿಕೋಡ್‌ನಲ್ಲಿ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಕಣ್ಣಿಗೆ ಕಾಣದ ಸಂಕೇತವಿದೆ. ಅದನ್ನು ಬಳಸಿದರೆ ‘ಎಸ್‌ಎಂಎಸ್‌ಗಳು’ ಎಂಬ ರೂಪ ದೊರೆಯುತ್ತದೆ.

ಇದು ಕೇವಲ ಅಂದದ ಪ್ರಶ್ನೆಯಲ್ಲ. ಒಂದು ಪ್ರಬಂಧದಲ್ಲಿ ಈ ಸಂಕೇತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅದನ್ನು ಕಡೆಗಣಿಸುವ ವ್ಯವಸ್ಥೆಯಿಲ್ಲದ ಗಣಕಕ್ಕೆ ಅವು ಎರಡು ಬೇರೆ ಪದಗಳು. ಪದಸೂಚಿ, ಪದಾವೃತ್ತಿ ಗಣನೆ, ಶಬ್ದಶೋಧ ಎಲ್ಲವೂ ಇದರಿಂದ ದೋಷಪೂರಿತವಾಗಬಹುದು. ಆದುದರಿಂದ ಸ್ವರಾಂತ ಸಂಕ್ಷೇಪಗಳಿಗೆ ಪ್ರತ್ಯಯವನ್ನು ನೇರವಾಗಿ ಸೇರಿಸುವುದು, ವ್ಯಂಜನಾಂತಗಳಲ್ಲಿ ಒತ್ತಕ್ಷರವನ್ನು ತಡೆಯುವುದು, ಅಪಾಸ್ಟ್ರಫಿಯನ್ನು ಎರಡೂ ಕಡೆ ಬಿಡುವುದು ಕನ್ನಡದ ಸ್ವಭಾವಕ್ಕೆ ಒಪ್ಪುವ ಕ್ರಮವೆನ್ನಬಹುದು.