ವಚನ ಬೋಧನೆ ಮತ್ತು ಮೌಲ್ಯಮಾಪನ ವಿಧಾನ

ವಚನವೊಂದನ್ನು ಬೋಧಿಸಿದ ಉಪಾಧ್ಯಾಯರು ಮರುದಿನ ಅದನ್ನು ವಿದ್ಯಾರ್ಥಿಗಳಿಂದ ಒಪ್ಪಿಸಿಕೊಳ್ಳುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಒಬ್ಬನು ತಡೆಯಿಲ್ಲದೆ ಒಪ್ಪಿಸಿ ಪೂರ್ಣಾಂಕ ಪಡೆಯುತ್ತಾನೆ. ಇನ್ನೊಬ್ಬನು ನಡುವೆ ತಡವರಿಸಿ ಅಂಕ ಕಳೆದುಕೊಳ್ಳುತ್ತಾನೆ. ಆದರೆ ಮೊದಲನೆಯವನಿಗೆ ಅದರ ಅರ್ಥವೇ ತಿಳಿಯದಿರಬಹುದು. ಎರಡನೆಯವನು ಅದರ ತಿರುಳನ್ನು ತನ್ನ ಮಾತಿನಲ್ಲಿ ವಿವರಿಸಬಲ್ಲವನಾಗಿರಬಹುದು. ಅರ್ಥಗ್ರಹಣವನ್ನು ಸ್ಮರಣೆಯ ಕೋಲಿನಿಂದ ಅಳೆದುದೇ ಇಲ್ಲಿಯ ದೋಷ. ತಿಳಿದ ಬಾಲಕನು ತಾನು ದಡ್ಡನೆಂದು ನಂಬುವಂತಾದರೆ ಆ ಹಾನಿಯನ್ನು ತುಂಬಿಕೊಡುವುದು ಸುಲಭವಲ್ಲ.

ಆದುದರಿಂದ ಯಾವುದನ್ನು ಅಳೆಯಬೇಕೆಂಬುದು ಮೊದಲು ನಿರ್ಧಾರವಾಗಬೇಕು. ಅಳೆಯುವ ವಿಧಾನ ಅನಂತರದ ಮಾತು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಬೌದ್ಧಿಕ ಕಲಿಕೆಯ ಉದ್ದೇಶಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂದು ಆರು ವರ್ಗಗಳಾಗಿ ವಿಂಗಡಿಸಿದರು. ವಚನಪಾಠಕ್ಕೂ ಈ ವಿಂಗಡಣೆ ಸಲ್ಲುತ್ತದೆ.

ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರೊಡನೆ ಹೊಂದಿಸುವುದು ಜ್ಞಾನದ ಮಾತು. ಇದಕ್ಕೆ ವಸ್ತುನಿಷ್ಠ ಪ್ರಶ್ನೆ ಸಾಕು. ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ವಿವರಿಸಲು ಕಿರುಉತ್ತರ ಬೇಕು. ಇಬ್ಬರು ವಚನಕಾರರ ಭಕ್ತಿಯ ಪರಿಯನ್ನು ತೂಗಿ ನೋಡಲು ಪ್ರಬಂಧ ರೂಪದ ಉತ್ತರವೇ ಯೋಗ್ಯ. ಉಚ್ಚಾರಣೆ, ಯತಿ, ಭಾವಗಳನ್ನು ವಾಚನವನ್ನು ಕಿವಿಯಾರೆ ಕೇಳಿಯೇ ತಿಳಿಯಬೇಕಲ್ಲದೆ ಲಿಖಿತ ಪರೀಕ್ಷೆಯಿಂದ ತಿಳಿಯಲಾಗದು.

ಪ್ರತಿಯೊಂದು ವಿಧಾನಕ್ಕೂ ಅದರದೇ ಮಿತಿಯುಂಟು. ವಸ್ತುನಿಷ್ಠ ಪ್ರಶ್ನೆಯಲ್ಲಿ ಊಹೆಗೆ ಅವಕಾಶವಿದೆ. ಪ್ರಬಂಧದಲ್ಲಿ ಪರೀಕ್ಷಕರ ಮನೋಧರ್ಮ ನುಸುಳುತ್ತದೆ. ಒಂದೇ ಇಂಗ್ಲಿಷ್ ಉತ್ತರಪತ್ರಿಕೆಗೆ ಬೇರೆ ಬೇರೆ ಉಪಾಧ್ಯಾಯರು ಕೊಡುವ ಅಂಕಗಳಲ್ಲಿ ಅಪಾರ ಅಂತರವಿರುವುದನ್ನು ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಸಂಶೋಧಕರು 1912ರಲ್ಲಿಯೇ ತೋರಿಸಿಕೊಟ್ಟರು. ಉತ್ತರದಲ್ಲಿ ಇರಬೇಕಾದ ಅಂಶಗಳನ್ನೂ ಅವುಗಳಿಗೆ ಸಲ್ಲುವ ಅಂಕಗಳನ್ನೂ ಮೊದಲೇ ಬರೆದಿಟ್ಟುಕೊಂಡರೆ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ.

ಮೌಲ್ಯಮಾಪನದ ಕಾಲವೂ ಗಮನಾರ್ಹ. ಕಲಿಕೆ ನಡೆಯುತ್ತಿರುವಾಗ ಅದನ್ನು ತಿದ್ದಲು ಮಾಡುವ ಮೌಲ್ಯಮಾಪನ ರೂಪಣಾತ್ಮಕ. ಕೊನೆಯಲ್ಲಿ ನಿರ್ಣಯ ನೀಡಲು ಮಾಡುವುದು ಸಂಕಲನಾತ್ಮಕ. 1967ರಲ್ಲಿ ಮೈಕೇಲ್ ಸ್ಕ್ರಿವೆನ್ ಈ ಭೇದವನ್ನು ಹೆಸರಿಸಿದರು. ಭಾರತದ 2009ರ ಶಿಕ್ಷಣ ಹಕ್ಕು ಕಾಯಿದೆಯೂ ಪ್ರಾಥಮಿಕ ಹಂತದಲ್ಲಿ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ತಪ್ಪು ತಿಳಿದೊಡನೆ ಪಾಠವನ್ನು ಬದಲಿಸದೆ, ಅಂಕಗಳನ್ನು ಪುಸ್ತಕದಲ್ಲಿ ತುಂಬುವುದಷ್ಟೇ ನಡೆದರೆ ಆ ವಿಧಿಯ ಹುರುಳು ಉಳಿಯದು.

ಮೌಖಿಕ ಪರೀಕ್ಷೆಯ ಹಿರಿಮೆಗೆ ಶೂನ್ಯಸಂಪಾದನೆಯಲ್ಲಿಯೇ ನಿದರ್ಶನವಿದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳಿಂದ ಒರೆಗೆ ಹಚ್ಚುತ್ತಾರೆ. ಒಂದು ಉತ್ತರದಿಂದ ಮತ್ತೊಂದು ಪ್ರಶ್ನೆ ಹುಟ್ಟಿ, ಆಕೆಯ ನಿಲವು ಶರಣರೆಲ್ಲರಿಗೂ ಬೆಳಗುತ್ತದೆ. ಅನುಭಾವಿಗಳ ಆ ಸಂವಾದಕ್ಕೂ ತರಗತಿಯ ಪರೀಕ್ಷೆಗೂ ಬಹಳ ಅಂತರವಿದೆ, ನಿಜ. ಆದರೂ ಅಡಗಿರುವ ಅರಿವನ್ನು ಹೊರತರುವುದೇ ಪ್ರಶ್ನೆಯ ಗುರಿಯೆಂಬ ಪಾಠ ಇಬ್ಬರಿಗೂ ಒಂದೇ.

ಇನ್ನು ನಡೆಯ ವಿಷಯ. ದಯೆಯ ಕುರಿತು ಹತ್ತು ವಾಕ್ಯ ಬರೆದವನು ದಯಾವಂತನೆಂದು ಹೇಳಲಾಗದು. ಸಹಪಾಠಿಯೊಡನೆ ಅವನು ವರ್ತಿಸುವ ರೀತಿಯನ್ನು ದೀರ್ಘಕಾಲ ಅವಲೋಕಿಸಿದ ಉಪಾಧ್ಯಾಯರು ಮಾತ್ರ ಅದನ್ನು ಕಂಡಾರು. ಅದಕ್ಕೆ ಅಂಕವಿಡುವುದೂ ಉಚಿತವಲ್ಲ. ಅಳೆಯಬಹುದಾದುದನ್ನು ತಕ್ಕ ಕೋಲಿನಿಂದ ಅಳೆದು, ಅಳತೆಗೆ ಸಿಗದುದನ್ನು ಗೌರವದಿಂದ ನೋಡುವ ವಿವೇಕವೇ ಉತ್ತಮ ಉಪಾಧ್ಯಾಯರ ಲಕ್ಷಣ.