ಬಣ್ಣ ಮುಗಿಯದ ಹತ್ತು ಕಾರುಗಳು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಅಮರಿಲೊ ಅಂತ ಒಂದು ಊರು. ಅದರ ಪಶ್ಚಿಮಕ್ಕೆ, ಹೆದ್ದಾರಿ ಪಕ್ಕದ ಬಯಲಲ್ಲಿ, ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗೆ ಮಾಡಿ ಅರ್ಧ ಹೂತಿದ್ದಾರೆ. ಎಲ್ಲವೂ ಒಂದೇ ಓರೆಯಲ್ಲಿ, ಸಾಲಾಗಿ ನಿಂತಿವೆ. ಹೆಸರು ಕ್ಯಾಡಿಲಾಕ್ ರ‍್ಯಾಂಚ್. 1974ರಲ್ಲಿ ಇದನ್ನು ಕಟ್ಟಿದವರು ಸ್ಯಾನ್ ಫ್ರಾನ್ಸಿಸ್ಕೊದ 'ಆ್ಯಂಟ್ ಫಾರ್ಮ್' ತಂಡದ ಚಿಪ್ ಲಾರ್ಡ್, ಹಡ್ಸನ್ ಮಾರ್ಕೆಜ್, ಡಗ್ ಮಿಷೆಲ್ಸ್. ಜಾಗ, ದುಡ್ಡು ಕೊಟ್ಟವರು ಆ ಊರಿನ ಸಿರಿವಂತ ಸ್ಟ್ಯಾನ್ಲಿ ಮಾರ್ಷ್. ಕಾರುಗಳು ಬಹುಪಾಲು ಗುಜರಿಯವು, 1949ರಿಂದ 1963ರವರೆಗಿನ ಮಾಡೆಲ್‌ಗಳು. ಆ ವರ್ಷಗಳಲ್ಲಿ ಕಾರಿನ ಹಿಂಭಾಗದ ಚೂಪು ಫಿನ್ ಹೇಗೆ ಎತ್ತರಕ್ಕೆ ಬೆಳೆದು ಮತ್ತೆ ಕುಗ್ಗಿತು ಅನ್ನೋದು ಸಾಲಿನುದ್ದಕ್ಕೆ ನಡೆದರೆ ಕಾಣುತ್ತದೆ.

ಕಲಾವಿದರು ಮಾಡಿದ್ದು ಶಿಲ್ಪವನ್ನಷ್ಟೇ. ಗ್ರಾಫಿಟಿ, ಅಂದರೆ ಬೀದಿಗೋಡೆಗಳ ಮೇಲೆ ಸ್ಪ್ರೇ ಹೊಡೆದು ಬರೆಯುವ ಹೆಸರು, ಚಿತ್ರ, ಆಮೇಲೆ ಜನ ತಂದದ್ದು. ಮೊದಮೊದಲು ಬಂದವರು ಗಾಜು ಒಡೆದರು, ಬಿಡಿಭಾಗ ಕಿತ್ತೊಯ್ದರು, ಬಾಡಿ ಮೇಲೆ ಹೆಸರು ಗೀಚಿದರು. ಕ್ರಮೇಣ ಸ್ಪ್ರೇ ಡಬ್ಬಿ ಬಂತು. ಬೇಲಿ ಬಿಗಿದು ಕಾವಲಿಡಬಹುದಿತ್ತು, ಇಡಲಿಲ್ಲ. ಈ ಕೃತಿಯ ದೊಡ್ಡತನ ನನಗೆ ಕಾಣುವುದು ಅಲ್ಲೇ.

ನಮ್ಮಪ್ಪ ದಾವಣಗೆರೆಯಲ್ಲಿ ಡೆಂಟಿಂಗ್-ಪೇಂಟಿಂಗ್ ಶೆಡ್ ನಡೆಸುತ್ತಿದ್ದರು. ಹಳೇ ಬಣ್ಣ ಉಜ್ಜದೆ ಹೊಸದು ಹೊಡೆದರೆ ನಿಲ್ಲಲ್ಲ ಅಂತ ಚಿಕ್ಕಂದಿನಲ್ಲೇ ಎಮರಿ ಪೇಪರ್ ಹಿಡಿದು ಕಲಿತವನು ನಾನು. ಡಾಲಸ್‌ನಲ್ಲಿರುವ ಅಕ್ಕನ ಮಗಳ ಜೊತೆ ಅಲ್ಲಿಗೆ ಹೋದಾಗ ಮೊದಲು ನೋಡಿದ್ದೂ ಅದನ್ನೇ. ಪ್ರೈಮರ್ ಇಲ್ಲ, ಉಜ್ಜುವುದಿಲ್ಲ, ವರ್ಷಗಟ್ಟಲೆ ಒಂದರ ಮೇಲೊಂದು. ಬಾಗಿಲ ಅಂಚು ಯಾವುದು, ಬಂಪರ್ ಯಾವುದು ಗುರುತೇ ಸಿಗದಷ್ಟು ದಪ್ಪ. ಒಂದು ಚಕ್ರದ ಅಂಚಲ್ಲಿ ಅಂಗೈಯಗಲ ಬಣ್ಣ ಎದ್ದು ಬಂದಿತ್ತು. ಬಗ್ಗಿ ನೋಡಿದರೆ ಚಿರೋಟಿಯ ಹಾಗೆ ಪದರ ಪದರ: ಕೆಂಪು, ಹಳದಿ, ಗುಲಾಬಿ, ಬಿಳಿ, ಮತ್ತೆ ಕೆಂಪು. ಒಂದೊಂದು ಗೆರೆಯೂ ಯಾರೋ ಒಬ್ಬರು ಅಲ್ಲಿ ನಿಂತಿದ್ದ ಒಂದು ಮಧ್ಯಾಹ್ನ.

1997ರಲ್ಲಿ ಊರು ಬೆಳೆದು ಹತ್ತಿರ ಬಂದಾಗ ಕಾರುಗಳನ್ನು ಕಿತ್ತು ಸುಮಾರು ಎರಡು ಮೈಲಿ ಆಚೆ ಹೂತರು. 2002ರಲ್ಲಿ ಒಂದು ಹೋಟೆಲ್ ಸಂಸ್ಥೆ ಮೂಲ ಬಣ್ಣ ಹೊಡೆಸಿತು. ಒಂದು ದಿನ ಕಳೆಯುವುದರೊಳಗೆ ಅದರ ಮೇಲೂ ಜನ ಬರೆದಿದ್ದರು. ಸರಿಯಾಗೇ ಆಯಿತು ಅನ್ನುತ್ತೇನೆ. ಅಷ್ಟು ಹೊತ್ತಿಗೆ ಕೃತಿಯ ಮೂಲ ಬಣ್ಣ ಅಂದರೆ ಜನರ ಬಣ್ಣವೇ ಆಗಿತ್ತು. 2003ರಲ್ಲಿ ಡಗ್ ಮಿಷೆಲ್ಸ್ ತೀರಿಕೊಂಡಾಗ ಹತ್ತಕ್ಕೂ ಕಪ್ಪು ಬಳಿದು ಗೌರವ ಸಲ್ಲಿಸಿದರು. ಆ ಕಪ್ಪಿನ ಮೇಲೂ ಬಣ್ಣ ಏರಿತು.

"ಮಾಮ, ಬರೆದರೆ ಯಾರೂ ಬೈಯಲ್ವಾ?" ಅಂತ ಹುಡುಗಿ ಕೇಳಿದಳು. ಕೇಳಲು ಕಾರಣವಿತ್ತು. ಹಂಪಿಗೆ ಕರೆದೊಯ್ದಾಗ ಕಂಬಗಳ ಮೇಲೆ ಗೀಚಿದ್ದ ಹೆಸರು ಕಂಡು ನಾನು ಕೆಂಡಾಮಂಡಲವಾಗಿದ್ದೆ. ಆ ಸಿಟ್ಟು ಈಗಲೂ ಇದೆ. ಹಂಪಿಯ ಶಿಲ್ಪಿ ಕೆಲಸ ಮುಗಿಸಿ ಉಳಿ ಕೆಳಗಿಟ್ಟಾಗಿದೆ, ಅವನನ್ನು ಒಂದು ಮಾತು ಕೇಳುವ ಹಾಗಿಲ್ಲ, ಗೀರಿದ ಕಲ್ಲು ಕೂಡುವುದೂ ಇಲ್ಲ. ಇಲ್ಲಿ ಕಟ್ಟಿದವರು ಬದುಕಿದ್ದಾಗಲೇ ಕೆಲಸವನ್ನು ದಾರಿಹೋಕರ ಕೈಗೆ ಒಪ್ಪಿಸಿದರು. ಇದನ್ನು ಅವಳಿಗೆ ಹೇಳುತ್ತಿರುವಾಗಲೇ ಪಕ್ಕದಲ್ಲಿದ್ದ ಹೆಂಗಸೊಬ್ಬರು ಅರ್ಧ ಉಳಿದ ಕೆಂಪು ಡಬ್ಬಿ ಕೊಟ್ಟು ಹೋದರು. ಹುಡುಗಿ 'ದಾವಣಗೆರೆ' ಅಂತ ಬರೆದಳು. ಕೆಳಗಿನ ಹಸಿರು ಇನ್ನೂ ಹಸಿ ಇತ್ತು, ಅಕ್ಷರಗಳು ಸೋರಿ ಒಂದಕ್ಕೊಂದು ಬೆರೆತವು.

ಕಾರುಗಳ ಬುಡದಲ್ಲಿ ಬಿದ್ದಿದ್ದ ಖಾಲಿ ಡಬ್ಬಿಗಳು ಮಾತ್ರ ಕಣ್ಣಿಗೆ ಚುಚ್ಚಿದವು. ಅಷ್ಟು ಉದಾರವಾಗಿ ಕೊಟ್ಟವರ ಜಾಗಕ್ಕೆ ಅದು ಮರ್ಯಾದೆಯಲ್ಲ. ನೀವು ಹೋದರೆ ಟಿಕೆಟ್ ಇಲ್ಲ, ಗೇಟಿನಿಂದ ಸ್ವಲ್ಪ ನಡೆಯಬೇಕು. ಹಳೇ ಬಟ್ಟೆ ಹಾಕಿಕೊಳ್ಳಿ. ಬಯಲ ಗಾಳಿ ಜೋರು, ಅದಕ್ಕೆ ಬೆನ್ನು ಕೊಟ್ಟು ಸ್ಪ್ರೇ ಮಾಡಿ, ಖಾಲಿ ಡಬ್ಬಿ ವಾಪಸ್ ತನ್ನಿ.